ಹಳೇ ಸ್ವಿಫ್ಟು, ಹೊಸ ಸ್ಕ್ರೀನು

ಹಳೇ ಕಾರಿಗೆ ಟಚ್ ಸ್ಕ್ರೀನ್ ಹಾಕಿಸ್ಬೇಕು ಅಂತ ಯಾರಾದ್ರೂ ಕೇಳ್ಕೊಂಡು ಬಂದ್ರೆ ನಾನು ಮೊದಲು ಕೇಳೋದು ಒಂದೇ, ನಿಮಗೆ ಬೇಕಿರೋದು ಆಂಡ್ರಾಯ್ಡ್ ಸ್ಟೀರಿಯೋನಾ, ಇಲ್ಲಾ ಆಂಡ್ರಾಯ್ಡ್ ಆಟೋ ಇರೋ ಸ್ಟೀರಿಯೋನಾ? ಎರಡೂ ಒಂದೇ ಅಲ್ವಾ ಅಂತ ಮುಖ ನೋಡ್ತಾರೆ. ಅಲ್ಲ ಸ್ವಾಮಿ. ಮೊದಲನೇದು ಡ್ಯಾಶ್‌ಬೋರ್ಡ್ ಒಳಗೆ ಕೂರಿಸಿರೋ ಒಂದು ಅಗ್ಗದ ಟ್ಯಾಬ್ಲೆಟ್ಟು, ಅದರದ್ದೇ ಪ್ರೊಸೆಸರು, ಅದರದ್ದೇ ರ‍್ಯಾಮು, ಮ್ಯಾಪ್ ಬೇಕು ಅಂದ್ರೆ ಅದಕ್ಕೆ ಫೋನಿಂದ ಹಾಟ್‌ಸ್ಪಾಟ್ ಬೇರೆ ಕೊಡ್ಬೇಕು. ಎರಡನೇದು ಬರೀ ಸ್ಕ್ರೀನು, ಟಚ್ಚು, ಮೈಕು, ಆಂಪ್ಲಿಫೈಯರು. ತಲೆ ಓಡೋದೆಲ್ಲಾ ಜೇಬಲ್ಲಿರೋ ಫೋನಲ್ಲೇ. ಈಗೀಗ ಮೊದಲನೇ ಜಾತಿಯಲ್ಲೂ ಆಂಡ್ರಾಯ್ಡ್ ಆಟೋ ಆಪ್ ತುಂಬಿಸಿ ಮಾರ್ತಾರೆ, ಆದ್ರೆ 1 ಜಿಬಿ, 2 ಜಿಬಿ ರ‍್ಯಾಮ್ ಇಟ್ಕೊಂಡು ಅದು ಆನ್ ಆಗೋ ಹೊತ್ತಿಗೆ ನೀವು ಸಿಗ್ನಲ್ ದಾಟಿರ್ತೀರ.

ನಮ್ಮನೇದು 2010ರ ಸ್ವಿಫ್ಟು. ಇಂಜಿನ್ ಗಟ್ಟಿಯಾಗಿದೆ, ಅಪ್ಪ ಮಾರೋಕ್ಕೆ ಬಿಡಲ್ಲ, ಆ ಚರ್ಚೆ ಮನೇಲಿ ಮುಗಿದಿದೆ. ಆಪಲ್ ಕಾರ್‌ಪ್ಲೇ (ಐಫೋನಿನವರಿಗೆ ಇರೋ ಇದೇ ತರದ್ದು), ಆಂಡ್ರಾಯ್ಡ್ ಆಟೋ ಎರಡನ್ನೂ ಜಗತ್ತಿಗೆ ತೋರಿಸಿದ್ದೇ 2014ರಲ್ಲಿ, ಆಂಡ್ರಾಯ್ಡ್ ಆಟೋ ಇಂಡಿಯಾಗೆ ಅಂತ ಬಂದಿದ್ದು 2016ರಲ್ಲಿ, ಹಾಗಾಗಿ ಈ ಕಾರಿಗೆ ಅದರ ಗಂಧಗಾಳಿ ಇಲ್ಲ. ಕಂಪನಿ ಸ್ಟೀರಿಯೋಲಿ ಸಿಡಿ ಹಾಕೋ ಬಾಯಿ ಇದೆ, ಸಿಡಿಗಳು ಎಲ್ಲಿ ಹೋದ್ವೋ ದೇವರಿಗೇ ಗೊತ್ತು.

ಬರೀ ಹಾಡು, ಕಾಲ್ ಸಾಕು ಅನ್ನೋರು ಸ್ಕ್ರೀನಿಗೆ ದುಡ್ಡು ಸುರಿಯೋ ಅವಶ್ಯಕತೆನೇ ಇಲ್ಲ. ಸ್ಟೀರಿಯೋಲಿ ಆಕ್ಸ್ ತೂತು (ಹೆಡ್‌ಫೋನ್ ಪಿನ್ ಚುಚ್ಚೋ ತರದ್ದು) ಇದ್ರೆ ಒಂದು ಪುಟಾಣಿ ಬ್ಲೂಟೂತ್ ರಿಸೀವರ್ ಚುಚ್ಚಿ, ಕೆಲಸ ಆಯ್ತು. ಒಂದೇ ಕಿರಿಕಿರಿ ಏನಂದ್ರೆ ಆ ರಿಸೀವರ್ರಿಗೆ ಕರೆಂಟು ಅದೇ ಕಾರಿನ ಚಾರ್ಜರಿಂದ ಕೊಟ್ರೆ ಎಷ್ಟೋ ಕಾರುಗಳಲ್ಲಿ ಸ್ಪೀಕರಲ್ಲಿ ಕುಯ್ಯ್ ಅಂತ ಸದ್ದು ಶುರುವಾಗತ್ತೆ, ಆಕ್ಸಿಲರೇಟರ್ ತುಳಿದಷ್ಟೂ ಅದರ ಸ್ವರ ಏರತ್ತೆ. ಅರ್ಥಿಂಗ್ ಎರಡು ದಾರೀಲಿ ಹೋಗಿ ಆಲ್ಟರ್ನೇಟರ್ ಸದ್ದು ಹಾಡಿನ ಜೊತೆ ಸೇರ್ಕೊಳೋದು ಅದು, ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಸಣ್ಣ ಡಬ್ಬಿ ಸಿಗತ್ತೆ, ಮಧ್ಯದಲ್ಲಿ ಹಾಕಿದ್ರೆ ನಿಲ್ಲತ್ತೆ. ಫೋನಿನ ಹಾಡನ್ನ ರೇಡಿಯೋ ಸ್ಟೇಷನ್ ತರ ಸ್ಟೀರಿಯೋಗೆ ಕಳಿಸೋ ಎಫ್‌ಎಂ ಟ್ರಾನ್ಸ್‌ಮಿಟರ್ ಮಾತ್ರ ಬೆಂಗಳೂರಲ್ಲಿ ಬೇಡವೇ ಬೇಡ. 91.1, 92.7, 93.5, 98.3, 100.1, 101.3, 102.9, 104, ಎಲ್ಲಿ ನೋಡಿದ್ರೂ ಯಾರೋ ಒಬ್ರು ಕೂತಿದ್ದಾರೆ, ಮಧ್ಯೆ ಖಾಲಿ ಜಾಗ ಹುಡುಕಿ ಸೆಟ್ ಮಾಡಿದ್ರೆ ಫ್ಲೈಓವರ್ ಹತ್ತಿದ ತಕ್ಷಣ ನಿಮ್ಮ ಹಾಡಿನ ಮೇಲೆ ಯಾವುದೋ ಚಿನ್ನದಂಗಡಿ ಜಾಹೀರಾತು ಬಂದು ಕೂರತ್ತೆ.

ನನಗೆ ಬೇಕಿದ್ದಿದ್ದು ಮ್ಯಾಪು. ಫೋನ್ ಕೈಲಿ ಹಿಡ್ಕೊಂಡು ಓಡಿಸಿದ್ರೆ 2019ರ ತಿದ್ದುಪಡಿ ಆದ್ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ (ಅಪಾಯಕಾರಿ ಚಾಲನೆ) ಕೆಳಗೆ ಬರತ್ತೆ, ದಾರಿ ನೋಡೋಕ್ಕೆ ಮಾತ್ರ ಬಳಸ್ಬಹುದು ಅಂತ 2020ರಲ್ಲಿ ಸಡಿಲ ಮಾಡಿದ್ರೂ ಗಮನ ಕೆಡಬಾರದು ಅನ್ನೋ ಷರತ್ತಿದೆ, ಮತ್ತೆ ಗಾಜಿಗೆ ಅಂಟಿಸೋ ಹೋಲ್ಡರ್ ನಮ್ಮ ಹಂಪುಗಳಿಗೆ ಎಷ್ಟು ದಿನ ತಡೀತದೆ ಹೇಳಿ.

ಹಾಗಾಗಿ ಬೆಂಗಳೂರಿನ ಕಾರ್ ಸಾಮಾನಿನ ಅಂಗಡಿಗಳ ಬೀದಿ, ಜೆ.ಸಿ. ರೋಡ್. ಅಲ್ಲಿ ಮೊದಲು ಕೇಳೋದೇ ಅಳತೆ. ಸಿಂಗಲ್ ಡಿನ್ ಅಂದ್ರೆ ಮುಖ 180 ಮಿ.ಮೀ. ಅಗಲ 50 ಮಿ.ಮೀ. ಎತ್ತರ, ಡಬಲ್ ಡಿನ್ ಅಂದ್ರೆ ಎತ್ತರ ಅದರ ಎರಡರಷ್ಟು. ಜರ್ಮನಿಯವರ ಸ್ಟ್ಯಾಂಡರ್ಡು, ಪುಣ್ಯಕ್ಕೆ ಪ್ರಪಂಚ ಎಲ್ಲಾ ಒಪ್ಕೊಂಡಿದೆ. ಆದ್ರೆ ಸ್ವಿಫ್ಟಿನ ಕಂಪನಿ ಸ್ಟೀರಿಯೋನ ಡ್ಯಾಶ್‌ಬೋರ್ಡಿನ ಆಕಾರಕ್ಕೇ ಸೇರಿಸಿ ಮಾಡಿದ್ದಾರೆ, ಅದನ್ನ ಕಿತ್ರೆ ಸುತ್ತ ಜಾಗ ಉಳಿಯತ್ತೆ, ಅದಕ್ಕೆ ಆ ಮಾಡೆಲ್ಲಿಗೇ ಅಂತ ಬರೋ ಫ್ರೇಮ್ ಬೇಕು. ಫ್ರೇಮ್ ಮೊದಲು ನೋಡಿ, ಆಮೇಲೆ ಸ್ಟೀರಿಯೋ ಆರಿಸಿ. ಬಣ್ಣ ಹೊಂದದೇ ಇರೋ ಫ್ರೇಮ್ ಹಾಕ್ಸಿದ್ರೆ ದಿನಾ ಕಣ್ಣಿಗೆ ಚುಚ್ಚತ್ತೆ.

ಡಬ್ಬಿ ಮೇಲೆ 4×50 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಬರೆದಿರ್ತಾರಲ್ಲ, ಅದನ್ನ ನೋಡಿ ಮರುಳಾಗ್ಬೇಡಿ. ಕಾರಲ್ಲಿ ಸಿಗೋದು ಇಂಜಿನ್ ಓಡ್ತಿದ್ರೆ ಹೆಚ್ಚುಕಮ್ಮಿ 14.4 ವೋಲ್ಟ್, ಸ್ಪೀಕರ್ 4 ಓಮ್, ಲೆಕ್ಕ ಹಾಕಿದ್ರೆ ನಿರಂತರವಾಗಿ ಒಂದು ಚಾನೆಲ್ಲಿಗೆ 26 ವ್ಯಾಟ್ ದಾಟೋದೇ ಇಲ್ಲ, ಕೈಗೆ ಸಿಗೋದು ಇಪ್ಪತ್ತರ ಆಸುಪಾಸು. ಹಳೇ ಪೇಪರ್ ಕೋನ್ ಸ್ಪೀಕರಿಗೆ ಅದು ಧಾರಾಳ ಸಾಕು.

ಕೂರಿಸೋಕ್ಕೆ ಬಂದ ಹುಡುಗ ಕೆಲಸ ಗೊತ್ತಿದ್ದವನೇ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲು 10ರ ಸ್ಪ್ಯಾನರಲ್ಲಿ ಬಿಚ್ಚಿ, ಪ್ಲಾಸ್ಟಿಕ್ ಪಟ್ಟಿ ತೂರಿಸಿ ಪ್ಯಾನೆಲ್ಲಿನ ಕ್ಲಿಪ್ಪು ಒಂದೊಂದಾಗಿ ಟಕ್ ಟಕ್ ಅಂತ ಎಬ್ಬಿಸಿದ (ಸ್ಕ್ರೂಡ್ರೈವರ್ ಹಾಕಿ ಮೀಟೋನು ಕಂಡ್ರೆ ಅಲ್ಲೇ ತಡೀರಿ, ಹಳೇ ಪ್ಲಾಸ್ಟಿಕ್ಕು ಬಿಸಿಲಿಗೆ ಒಣಗಿ ಪಟ್ ಅಂತ ಹೋಗತ್ತೆ). ಸ್ಟೀರಿಯೋ ಈಚೆ ಬಂತು, ಹಿಂದುಗಡೆ ವೈರಿನ ಗೊಂಚಲು. ತಕ್ಷಣ ಕಟಿಂಗ್ ಪ್ಲೇಯರ್ ಕೈಗೆ ತಗೊಂಡ.

"ಕಟ್ ಮಾಡಿ ಜಾಯಿಂಟ್ ಹೊಡೆದ್ರೆ ಐದು ನಿಮಿಷ ಸಾರ್."

"ಬೇಡಪ್ಪ, ಕಪ್ಲರ್ ಹಾಕು, ಎಕ್ಸ್‌ಟ್ರಾ ಎಷ್ಟಾಗತ್ತೋ ತಗೋ."

"ಎಲ್ಲಾರ್ಗೂ ಹಿಂಗೇ ಮಾಡೋದು ಸಾರ್, ಏನೂ ಆಗಲ್ಲ."

ಏನೂ ಆಗಲ್ಲ ಅನ್ನೋದು ನಿಜಾನೇ, ಇವತ್ತು ಆಗಲ್ಲ. ಟೇಪ್ ಸುತ್ತಿದ ಜಾಯಿಂಟು ಎರಡು ಬೇಸಿಗೆ ಕಂಡ್ಮೇಲೆ ಅಂಟು ಕರಗಿ ಬಿಚ್ಕೊಳತ್ತೆ, ಆಗ ಯಾವ ವೈರ್ ಯಾವುದಕ್ಕೆ ತಾಗತ್ತೋ ಹೇಳೋಕ್ಕಾಗಲ್ಲ. ಕಪ್ಲರ್ (ಕಾರಿನ ಸಾಕೆಟ್ಟಿಗೂ ಹೊಸ ಸ್ಟೀರಿಯೋಗೂ ಮಧ್ಯೆ ಚುಚ್ಚೋ ಜೋಡಣೆ) ಇದ್ರೆ ಕಂಪನಿ ವೈರಿಂಗು ಮುಟ್ಟೋದೇ ಬೇಡ, ಕಾರು ಮಾರೋವಾಗ ಹಳೇ ಸ್ಟೀರಿಯೋನ ವಾಪಸ್ ಚುಚ್ಚಬಹುದು. ಬಣ್ಣಗಳು ಗೊತ್ತಿದ್ರೆ ಪಕ್ಕ ನಿಂತು ನೋಡೋಕ್ಕೂ ಧೈರ್ಯ: ಹೊಸ ಸ್ಟೀರಿಯೋ ಕಡೆ ಸಾಮಾನ್ಯವಾಗಿ ಹಳದಿ ಯಾವಾಗ್ಲೂ ಕರೆಂಟ್ ಇರೋದು, ಕೆಂಪು ಕೀ ತಿರುಗಿಸಿದ್ರೆ ಬರೋದು, ಕಪ್ಪು ಅರ್ಥ್. ಹಳದಿ ಕೆಂಪು ಎರಡನ್ನೂ ಸೇರಿಸಿ ನೇರ ಬ್ಯಾಟರಿಗೆ ಕೊಟ್ರೆ ಕೀ ತೆಗೆದ್ಮೇಲೂ ಸ್ಟೀರಿಯೋ ಮಲಗಲ್ಲ, ವಾರ ಬಿಟ್ಟು ಊರಿಂದ ಬಂದ್ರೆ ಬ್ಯಾಟರಿ ಡೌನ್. ಎರಡನ್ನೂ ಕೀ ಕಡೆ ಕೊಟ್ರೆ ಪ್ರತಿ ಸಲ ಗಡಿಯಾರ, ಸ್ಟೇಷನ್ನು, ಜೋಡಿಸಿದ ಫೋನು ಎಲ್ಲಾ ಮರೆತು ಹೋಗತ್ತೆ. ಸ್ಪೀಕರ್ ವೈರು ಬಿಳಿ, ಬೂದು, ಹಸಿರು, ನೇರಳೆ, ಪ್ರತಿಯೊಂದಕ್ಕೂ ಕಪ್ಪು ಗೆರೆ ಇರೋ ಜೊತೆಗಾರ, ಗೆರೆ ಇರೋದು ನೆಗೆಟಿವ್. ಒಂದು ಉಲ್ಟಾ ಆದ್ರೂ ಹಾಡೇನೋ ಬರತ್ತೆ, ಬೇಸ್ ಮಾತ್ರ ಎಲ್ಲೋ ಹೋಗಿರತ್ತೆ.

ಮೈಕು ಸ್ಟೀರಿಯೋ ಮುಖದಲ್ಲೇ ಇದೆ ಅಂತ ಬಿಡ್ಬೇಡಿ, ಡಬ್ಬೀಲಿ ವೈರಿಂದು ಬೇರೆ ಬಂದಿದ್ರೆ ಅದನ್ನೇ ಗಾಜಿನ ಪಕ್ಕದ ಕಂಬದ ಮೇಲೆ ಕೂರಿಸಿ. ಹಳೇ ಕಾರಿನ ಎಸಿ ಫ್ಯಾನ್ ಸದ್ದಲ್ಲಿ ಆಚೆ ಕಡೆಯವರಿಗೆ ನಮ್ಮ ಮಾತು ಕೇಳ್ಬೇಕಲ್ಲ.

ಆಂಡ್ರಾಯ್ಡ್ ಆಟೋ ವೈರ್‌ಲೆಸ್ ಇರೋದು ತಗೊಳ್ಳಾ, ಕೇಬಲ್ ಇರೋದು ಸಾಕಾ ಅಂತ ತುಂಬಾ ಜನ ಕೇಳ್ತಾರೆ. ವೈರ್‌ಲೆಸ್ಸು ಬ್ಲೂಟೂತಲ್ಲಿ ಪರಿಚಯ ಮಾಡ್ಕೊಂಡು ಸಾಮಾನ್ಯವಾಗಿ 5 ಗಿಗಾಹರ್ಟ್ಸ್ ವೈಫೈಲಿ ಚಿತ್ರ ಕಳಿಸತ್ತೆ, ಬೆಂಗಳೂರೊಳಗೆ ಓಡಾಡೋಕ್ಕೆ ಸುಖ. ಆದ್ರೆ ಏಪ್ರಿಲ್ ಬಿಸಿಲಲ್ಲಿ ಮ್ಯಾಪು, ಹಾಡು, ವೈಫೈ ಮೂರೂ ಒಟ್ಟಿಗೆ ಓಡಿದ್ರೆ ಫೋನ್ ಕಾದು ಬ್ಯಾಟರಿ ಇಳಿಯೋದು ಕಣ್ಣಿಗೇ ಕಾಣತ್ತೆ. ದೂರ ಹೋಗೋವಾಗ ನಾನು ಕೇಬಲ್ಲೇ, ಅದೂ ಗಿಡ್ಡದು, ಡೇಟಾ ಹೋಗೋದು. ಬರೀ ಚಾರ್ಜಿಂಗ್ ಕೇಬಲ್ ಚುಚ್ಚಿ ಸ್ಟೀರಿಯೋನೇ ಸರಿ ಇಲ್ಲ ಅಂತ ಅಂಗಡಿಯವನ ಹತ್ರ ಜಗಳ ಆಡ್ತಿದ್ದ ಮಹಾನುಭಾವರೊಬ್ಬರನ್ನ ಅಲ್ಲೇ ನೋಡಿದೆ.

ಮಂಗಳೂರು ಕಡೆ ಹೊರಟ್ರೆ ಮನೆಯಿಂದಲೇ ಆಫ್‌ಲೈನ್ ಮ್ಯಾಪ್ ಇಳಿಸ್ಕೊಳ್ಳಿ. ಶಿರಾಡಿ ಘಾಟೀಲಿ ನೆಟ್ವರ್ಕ್ ಹೋದ್ರೆ ಸ್ಕ್ರೀನ್ ಎಷ್ಟು ದೊಡ್ಡದಿದ್ರೂ ಅಷ್ಟೇ. ಮ್ಯಾಪಿನ ದನಿಗೆ ಕನ್ನಡ 2018ರಿಂದಲೇ ಇದೆ, ಸೆಟ್ಟಿಂಗ್ಸಲ್ಲಿ ಬದಲಾಯಿಸಿದ್ಮೇಲೆ ಅಪ್ಪ ಅದಕ್ಕೆ ಎದುರು ಮಾತಾಡೋಕ್ಕೆ ಶುರು ಮಾಡಿದ್ದಾರೆ, "ಎಡಕ್ಕೆ ತಿರುಗಿ" ಅಂದ್ರೆ "ಆ ಕಡೆ ರಸ್ತೆ ಅಗೆದಿದ್ದಾರೆ ಕಣಮ್ಮ" ಅಂತಾರೆ.

ರಿವರ್ಸ್ ಕ್ಯಾಮೆರಾ ಸದ್ಯಕ್ಕೆ ಹಾಕ್ಸಿಲ್ಲ, ಸ್ಟೀರಿಯೋಲಿ ಅದಕ್ಕೆ ಜಾಗ ಇದೆ, ಬಂಪರ್ ಪೇಂಟ್ ಮಾಡ್ಸೋವಾಗ ವೈರ್ ಎಳೆಸೋಣ ಅಂತ.