ಅಳಿಸುವ ಅಧಿಕಾರ ಕೊಡುವ ಮೊದಲು

ಕಳೆದ ತಿಂಗಳು ಬಾಗಲಕೋಟೆ ಜಿಲ್ಲೆಯ ಒಂದು ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿಗಳು ಫೋನ್ ಮಾಡಿದರು. ಇಂಥ ಸಂಘಗಳ ಲೆಕ್ಕಪತ್ರಕ್ಕೆ ಸಾಫ್ಟ್‌ವೇರ್ ಮಾಡಿಕೊಡುವುದು ಬೆಳಗಾವಿಯ ನಮ್ಮ ಸಣ್ಣ ಕಚೇರಿಯ ಕೆಲಸ. "ತಂಗಿ, ಸದಸ್ಯರ ಪಟ್ಟಿಯಲ್ಲಿ ಒಬ್ಬರೇ ಎರಡೆರಡು ಸಲ ಬಂದಿದ್ದಾರೆ. ಹೆಸರು ಅಳಿಸುವ ಅಧಿಕಾರವನ್ನು ನಮ್ಮ ಗುಮಾಸ್ತರಿಗೂ ಕೊಟ್ಟುಬಿಡು, ಅವರೇ ಸರಿಮಾಡಿಕೊಳ್ಳುತ್ತಾರೆ" ಎಂದರು. ಹತ್ತು ನಿಮಿಷದ ಕೆಲಸ. ಆಗಲಿ ಎನ್ನಲು ಬಾಯಿ ತೆರೆದವಳು ತಡೆದು, "ಕಾಕಾ, ಒಬ್ಬರ ಹೆಸರು ಎರಡನೆಯ ಸಲ ಹೇಗೆ ಸೇರಿಕೊಂಡಿತು?" ಎಂದು ಕೇಳಿದೆ.

ಹಾಗೆ ಕೇಳುವುದನ್ನು ನನಗೆ ಕಲಿಸಿದವರ ಮುಖವನ್ನು ನಾನು ನೋಡಿಲ್ಲ. ಅವರ ನಿಜವಾದ ಹೆಸರೂ ನನಗೆ ಗೊತ್ತಿಲ್ಲ.

2013ರಲ್ಲಿ ನನಗೆ ಹದಿನೈದು ವರ್ಷ. ಗುಳೇದಗುಡ್ಡದಲ್ಲಿ ಸೋದರಮಾವನ ಡಿಟಿಪಿ ಅಂಗಡಿ ಇತ್ತು. ಮದುವೆಯ ಕಾರ್ಡು, ಗೃಹಪ್ರವೇಶದ ಆಮಂತ್ರಣ, ಜಾತ್ರೆಯ ಕರಪತ್ರ ಎಲ್ಲವನ್ನೂ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಯೇ. ಗಿರಾಕಿಗಳು ಕಾರ್ಡಿನ ಪಠ್ಯವನ್ನು ಮೊಬೈಲಿಗೂ ಕಳುಹಿಸಿ ಎನ್ನತೊಡಗಿದಾಗ ತೊಡಕು ಶುರುವಾಯಿತು. ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಕನ್ನಡ ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ಮೊಬೈಲಿಗೆ ಬೇಕಾದದ್ದು ಯುನಿಕೋಡ್, ಅಂದರೆ ಎಲ್ಲ ಸಾಧನಗಳಿಗೂ ಸಾಮಾನ್ಯವಾದ ಅಕ್ಷರ-ಸಂಕೇತಗಳ ಪದ್ಧತಿ. ಒಂದೊಂದು ಕಾರ್ಡನ್ನೂ ಎರಡು ಸಲ ಟೈಪ್ ಮಾಡಿ ಬೇಸತ್ತು, ಪರಿವರ್ತಿಸುವ ಪ್ರೋಗ್ರಾಂ ಒಂದನ್ನು ನಾನೇ ಬರೆಯಬೇಕೆಂದು ಹೊರಟೆ. ಊರಿನಲ್ಲಿ ಹೇಳಿಕೊಡುವವರು ಯಾರೂ ಇರಲಿಲ್ಲ.

ಹುಡುಕುತ್ತ ಹೋದಾಗ ಫ್ರೀನೋಡ್ ಎಂಬ ಐಆರ್‌ಸಿ ಜಾಲದಲ್ಲಿ, ಅಂದರೆ ಟೈಪ್ ಮಾಡುತ್ತ ಹರಟುವ ಇಂಟರ್ನೆಟ್ ತಾಣದಲ್ಲಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರ ಹರಟೆಕೋಣೆ ಸಿಕ್ಕಿತು. (2021ರಲ್ಲಿ ಆ ಜಾಲದ ಸ್ವಯಂಸೇವಕರಲ್ಲಿ ಬಹಳಷ್ಟು ಮಂದಿ ಅದನ್ನು ತೊರೆದು ಲಿಬೆರಾ ಚಾಟ್ ಕಟ್ಟಿದರು. ಆ ಸುದ್ದಿ ಓದಿದ ದಿನ ತವರಿನ ಬೀದಿ ಖಾಲಿಯಾದಷ್ಟೇ ಸಂಕಟವಾಯಿತು.) ನಮಗೆ ಸಂಜೆ ಏಳಾದಾಗ ಯುರೋಪಿನಲ್ಲಿ ಮಧ್ಯಾಹ್ನ, ಕರೆಂಟ್ ಇದ್ದರೆ ಆ ಹೊತ್ತಿಗೆ ಉತ್ತರ ಕೊಡುವವರು ಸಿಗುತ್ತಿದ್ದರು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬರೆಯಲು ಅರ್ಧ ಗಂಟೆ ಬೇಕಾಗುತ್ತಿತ್ತು. ಮೊದಲ ಸಲ ನೂರಾರು ಸಾಲಿನ ಕೋಡನ್ನು ಅಲ್ಲಿಯೇ ಸುರಿದೆ. ಬೈಸಿಕೊಂಡೆ. ದೊಡ್ಡ ಕೋಡನ್ನು ಬೇರೆ ಪುಟದಲ್ಲಿ ಅಂಟಿಸಿ ಕೊಂಡಿ ಮಾತ್ರ ಕೊಡಬೇಕು, ತಪ್ಪು ಮರುಕಳಿಸುವಷ್ಟೇ ಸಾಲು ಉಳಿಸಿ ಮಿಕ್ಕಿದ್ದನ್ನು ತೆಗೆಯಬೇಕು ಎಂದರು. ಹಾಗೆ ತೆಗೆಯುತ್ತ ತೆಗೆಯುತ್ತ ಎಷ್ಟೋ ಸಲ ಉತ್ತರ ನನಗೇ ಹೊಳೆದು, ಪ್ರಶ್ನೆ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ.

ಒಂದು ಸಂಜೆ, 'ಒಂದು ಅಕ್ಷರದ ಬದಲು ಇನ್ನೊಂದನ್ನು ಇಡುವುದು ಹೇಗೆ' ಎಂದು ಕೇಳಿದೆ. ಉತ್ತರ ಒಂದೇ ಸಾಲಿನದು. ಆದರೆ ಒಬ್ಬರು ಅದನ್ನು ಕೊಡದೆ, ನಿಜವಾಗಿ ಏನು ಮಾಡಲು ಹೊರಟಿದ್ದೀಯ ಎಂದು ವಿಚಾರಿಸಿದರು. ಇದಕ್ಕೆ ಆ ಜನ 'ಎಕ್ಸ್‌ವೈ ಸಮಸ್ಯೆ' ಎನ್ನುತ್ತಾರೆ: ತನಗಿರುವ ತೊಂದರೆಯನ್ನು ಬಿಟ್ಟು, ತಾನೇ ಊಹಿಸಿಕೊಂಡ ಪರಿಹಾರದ ಬಗ್ಗೆ ಕೇಳುವುದು. ನಾನು ಅರ್ಕಾವತ್ತಿನ ಕಥೆ ಹೇಳಿದೆ. 'ಸೂರ್ಯ' ಎಂದು ಬರೆದರೆ ನುಡಿಯ ಫಾಂಟಿನಲ್ಲಿ ಕಣ್ಣಿಗೆ ಕಾಣುವ ಕ್ರಮದಂತೆ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮ: ರೇಫ ಮೊದಲು, ಯಕಾರ ನಂತರ. ಕನ್ನಡದ ಒಂದಕ್ಷರವೂ ಬಾರದ ಆ ವ್ಯಕ್ತಿ ಸುಮಾರು ಒಂದು ಗಂಟೆ ನನ್ನೊಡನೆ ಕುಳಿತರು. ಅಕ್ಷರ ಬದಲಿಸಿದರೆ ಸಾಲದು, ಪದವನ್ನು ಗುಣಿತಾಕ್ಷರಗಳಾಗಿ ಬಿಡಿಸಿ ಕ್ರಮವನ್ನೇ ತಿರುಗಿಸಬೇಕು ಎಂದು ತೋರಿಸಿದರು. ಪೈಥಾನ್ 3ಕ್ಕೆ ಬಾ, ಅದರಲ್ಲಿ ಪಠ್ಯವೆಂದರೆ ಯುನಿಕೋಡೇ ಎಂದರು. ಎರಡೇ ಅಕ್ಷರವೆಂದು ನಾನು ಎಣಿಸಿದ್ದ 'ಸೂರ್ಯ' ಕಂಪ್ಯೂಟರಿಗೆ ಐದು ಸಂಕೇತಗಳು ಎಂದು ಆ ಸಂಜೆ ತಿಳಿಯಿತು.

ಮುಂದೆ ಓದಿದ್ದು ಬಿ.ಕಾಂ. ತಾಂತ್ರಿಕ ವಿಶ್ವವಿದ್ಯಾಲಯವಾದ ವಿಟಿಯು ಇರುವ ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಪದವಿ ಇಲ್ಲದೆ ಕೆಲಸ ಕೇಳಲು ಹೋದಾಗ ತೋರಿಸಲು ನನ್ನ ಬಳಿ ಇದ್ದದ್ದು ಆ ಪರಿವರ್ತಕ ಒಂದೇ. ಕೆಲಸ ಸಿಕ್ಕಿತು.

ಕಾರ್ಯದರ್ಶಿಗಳ ವಿಷಯಕ್ಕೆ ಬರುತ್ತೇನೆ. "ಹುಡುಕಿದರೆ ಹೆಸರು ಸಿಗುವುದಿಲ್ಲ ತಂಗಿ, ಅದಕ್ಕೆ ಗುಮಾಸ್ತರು ಹೊಸದಾಗಿ ಸೇರಿಸುತ್ತಾರೆ" ಎಂದರು. ಹೆಸರು ಕಣ್ಣೆದುರೇ ಇದ್ದೂ ಸಿಗದಿರುವುದು ಹೇಗೆ? ಪಟ್ಟಿಯಿಂದ ಎರಡು 'ಶೋಭಾ'ಗಳನ್ನು ತೆಗೆದು ಪಕ್ಕಪಕ್ಕ ಇಟ್ಟು, ಒಂದೊಂದರಲ್ಲೂ ಎಷ್ಟು ಸಂಕೇತಗಳಿವೆ ಎಂದು ಎಣಿಸಿದೆ. ಒಂದರದು ನಾಲ್ಕು, ಇನ್ನೊಂದರದು ಆರು. ಪರದೆಯ ಮೇಲೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿದ 'ಶೋ'ದಲ್ಲಿ ಒತ್ವದ ದೀರ್ಘಕ್ಕೆ ಒಂದೇ ಸಂಕೇತ. ನುಡಿಯಿಂದ ಪರಿವರ್ತಿಸಿದ ಹಳೆಯ ಪಟ್ಟಿಯಲ್ಲಿ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಬಿಡಿ ಸಂಕೇತಗಳು. ಎರಡೂ ಒಂದೇ ಎಂದು ಯುನಿಕೋಡ್ ನಿಯಮವೇ ಹೇಳುತ್ತದೆ. ಹೋಲಿಸುವ ಮೊದಲು ಎರಡನ್ನೂ 'ಎನ್‌ಎಫ್‌ಸಿ' ಎಂಬ ಒಂದೇ ರೂಪಕ್ಕೆ ತರಬೇಕು. ಪೈಥಾನ್‌ನಲ್ಲಿ ಅದು ಒಂದು ಸಾಲು. ನಮ್ಮ ಹುಡುಕಾಟದಲ್ಲಿ ಆ ಸಾಲು ಇರಲಿಲ್ಲ.

ಅಳಿಸುವ ಅಧಿಕಾರ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಹಳೆಯ ಹೆಸರಿನಡಿ ಷೇರು, ಉಳಿತಾಯ. ಹೊಸ ಹೆಸರಿನಡಿ ಸಾಲದ ಕಂತು. ಯಾವುದನ್ನು ಅಳಿಸಿದರೂ ಯಾರದೋ ದುಡಿಮೆಯ ಲೆಕ್ಕ ಹೋಗುತ್ತಿತ್ತು. ಗುಮಾಸ್ತರೊಡನೆ ಮೂರು ದಿನ ಕುಳಿತು, ಪಾಸ್‌ಬುಕ್ ನೋಡಿಕೊಂಡು ಒಂದೊಂದನ್ನೇ ಕೂಡಿಸಿದೆವು.

ಮೂರನೆಯ ದಿನ ರಾತ್ರಿ ಮನೆಗೆ ಬಂದು, ಹದಿನೈದರಲ್ಲಿ ಬರೆದ ನನ್ನ ಪರಿವರ್ತಕವನ್ನು ತೆರೆದೆ. ಅರ್ಕಾವತ್ತು ಸರಿಯಾಗಿತ್ತು. 'ಶೋಭಾ' ಕೊಟ್ಟು ನೋಡಿದೆ: ಆರು. ಆ ಒಂದು ಸಾಲನ್ನು ಸೇರಿಸಿ, ನಾಲ್ಕು ಬರುವುದನ್ನು ಖಚಿತಪಡಿಸಿಕೊಂಡು, ಮಾವನ ಅಂಗಡಿಗೆ ಹೊಸ ಪ್ರತಿ ಕಳುಹಿಸಿದೆ. ಅವರು ಇಂದಿಗೂ ಅದನ್ನೇ ಬಳಸುತ್ತಾರೆ.