ಕ್ರೀಸಸ್ ದೊರೆಯ ಹೆಸರಿನ ಚಿಟ್ಟೆ

ಚಿಟ್ಟೆಗಳ ಬಗ್ಗೆ ಓದಲು ಕುಳಿತಾಗಲೆಲ್ಲ ನಾನು ಮರಳುವುದು ಆರ್ನಿಥಾಪ್ಟೆರಾ ಎಂಬ ಕುಲಕ್ಕೆ. ಗ್ರೀಕ್ ಭಾಷೆಯಲ್ಲಿ ‘ಹಕ್ಕಿಯ ರೆಕ್ಕೆ’ ಎಂಬ ಅರ್ಥದ ಹೆಸರು ಹೊತ್ತ ಈ ದೊಡ್ಡ ಚಿಟ್ಟೆಗಳು, ಪೂರ್ವ ಆಸ್ಟ್ರೇಲಿಯಾದ ಕೆಲವು ಕಾಡುಗಳನ್ನು ಬಿಟ್ಟರೆ, ನ್ಯೂಗಿನಿ, ಇಂಡೊನೇಷ್ಯಾದ ಮಲುಕು, ಸಾಲೊಮನ್ ಮುಂತಾದ ಉಷ್ಣವಲಯದ ದ್ವೀಪಗಳಲ್ಲಷ್ಟೇ ಕಾಣಸಿಗುತ್ತವೆ.

ಇವುಗಳಲ್ಲಿ ಉತ್ತರ ಮಲುಕು ದ್ವೀಪಗಳಿಗಷ್ಟೇ ಸೀಮಿತವಾದ ಕ್ರೀಸಸ್ ಪ್ರಭೇದ ನನಗೆ ಹೆಚ್ಚು ಪ್ರಿಯ. 1858ರಲ್ಲಿ ಬಚಾನ್ ದ್ವೀಪಕ್ಕೆ ಬಂದ ಬ್ರಿಟಿಷ್ ನಿಸರ್ಗತಜ್ಞ ಆಲ್‌ಫ್ರೆಡ್ ರಸೆಲ್ ವಾಲೇಸ್, ಮೊದಲ ದಿನದ ಕಾಡಿನ ನಡಿಗೆಯಲ್ಲೇ ಕೈಗೆಟುಕದ ಎಲೆಯೊಂದರ ಮೇಲೆ ಕುಳಿತಿದ್ದ ಕಂದುಬಣ್ಣದ ಹೆಣ್ಣನ್ನು ಕಂಡರಾದರೂ, ಹಳದಿ ಹೂವಿನ, ಬಿಳಿ ಎಲೆಯಂಥ ಪತ್ರಕಗಳ ಮುಸ್ಸೆಂಡ ಪೊದೆಯ ಬಳಿ ಕಾದು ಗಂಡನ್ನು ಹಿಡಿಯುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಮಖಮಲ್ಲಿನಂಥ ಕಪ್ಪು ರೆಕ್ಕೆಯ ಮೇಲೆ ಉರಿಯುವ ಕಿತ್ತಳೆ ಬಣ್ಣವನ್ನು ನೋಡಿ ಅವರ ಎದೆ ಜೋರಾಗಿ ಬಡಿದುಕೊಂಡಿತಂತೆ; ಉಳಿದ ದಿನವಿಡೀ ತಲೆನೋವು ಬೇರೆ! ಸಿರಿವಂತಿಕೆಗೆ ಹೆಸರಾದ, ಪ್ರಾಚೀನ ಲಿಡಿಯಾ ರಾಜ್ಯದ ದೊರೆ ಕ್ರೀಸಸ್‌ನ ಹೆಸರನ್ನೇ ಅವರು ಅದಕ್ಕಿಟ್ಟರು.

ಈ ಸಿರಿಯ ಮೂಲ ಮಾತ್ರ ವಿಷದ ಬಳ್ಳಿ. ಈ ಕುಲದ ಮರಿಹುಳುಗಳು ಈಶ್ವರಿ ಬಳ್ಳಿಯ ಬಂಧುಗಳಾದ ಸಸ್ಯಗಳ ಎಲೆಗಳನ್ನೇ ತಿಂದು, ಅವುಗಳ ವಿಷವನ್ನು ಮೈಯಲ್ಲಿ ಸಂಗ್ರಹಿಸಿಕೊಂಡು, ಹಕ್ಕಿಗಳಿಗೆ ರುಚಿಸದಂತಾಗುತ್ತವೆ. ಕಾಡು ಕಡಿದಾಗ ಈ ಬಳ್ಳಿಯೂ ಹೋಗುತ್ತದೆ. ಬಳ್ಳಿಯಿಲ್ಲದೆಡೆ ಹೆಣ್ಣು ಮೊಟ್ಟೆಯಿಡುವುದಿಲ್ಲ.