ಯಾವ ಡ್ರಾಯಿಂಗ್ ಆ್ಯಪ್ ಹಾಕಿಸಲಿ, ಟೀಚರ್?

ದಾವಣಗೆರೆಯಲ್ಲಿ ನಾನು ಎಲ್ಲಿ ಸಿಕ್ಕರೂ ಈ ಪ್ರಶ್ನೆ ಬರುತ್ತದೆ. ಕುಂದವಾಡ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವಾಗ ಕೇಳಿದ್ದಾರೆ. ಬೆಣ್ಣೆ ದೋಸೆಗೆ ಕಾಯುತ್ತಾ ನಿಂತಾಗ ಕೇಳಿದ್ದಾರೆ. "ಟೀಚರ್, ನಮ್ಮ ಹುಡುಗನಿಗೆ ಕೈ ಸ್ವಾಧೀನ ಇಲ್ಲ. ಚಿತ್ರ ಅಂದ್ರೆ ಪ್ರಾಣ. ಮೊಬೈಲಿಗೆ ಯಾವ ಡ್ರಾಯಿಂಗ್ ಆ್ಯಪ್ ಹಾಕಿಸಲಿ?" ಒಬ್ಬರ ಮಗಳಿಗೆ ಕಣ್ಣು ಮಂದ, ಇನ್ನೊಬ್ಬರ ಮಗನಿಗೆ ಆಟಿಸಂ. ಕೊನೆಯ ಮಾತು ಮಾತ್ರ ಎಲ್ಲರದೂ ಒಂದೇ.

ನಾನು ಚಿತ್ರಕಲೆ ಹೇಳಿಕೊಡುವವಳು. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ರೂಮಿನಲ್ಲಿ ಆರೇಳು ವಿಶೇಷ ಮಕ್ಕಳು ಸೇರುತ್ತಾರೆ. ಎರಡು ಹಳೇ ಲ್ಯಾಪ್‌ಟಾಪ್, ಒಂದು ಟ್ಯಾಬ್, ಬೇಕಾದಷ್ಟು ಕಾಗದ, ಬಣ್ಣ. ಇಷ್ಟೇ ನಮ್ಮ ಸಾಮಾನು. ಇಷ್ಟರಲ್ಲೇ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ್ಯಪ್ ಹೆಸರು ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಕೆಲಸ ಮಾಡಿ. ಹತ್ತು ನಿಮಿಷ ಮಗುವಿನ ಪಕ್ಕ ಸುಮ್ಮನೆ ಕೂತು ಅದರ ಕೈ ನೋಡಿ. ಸಹಾಯ ಮಾಡಬೇಡಿ, ಮಾತಾಡಬೇಡಿ. ಕೈ ಎಲ್ಲಿ ನಿಲ್ಲುತ್ತದೆ, ಎಲ್ಲಿ ಸಿಟ್ಟು ಬರುತ್ತದೆ, ಅದನ್ನಷ್ಟೇ ಗಮನಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲೇ 21 ಬಗೆಯ ನ್ಯೂನತೆಗಳ ಪಟ್ಟಿ ಇದೆ. 1995ರ ಹಳೇ ಕಾಯ್ದೆಯಲ್ಲಿ ಇದ್ದದ್ದು 7. ಒಂದೇ ಬಗೆಯೊಳಗೂ ಒಬ್ಬ ಮಗುವಿನ ಹಾಗೆ ಇನ್ನೊಂದು ಮಗು ಇರುವುದಿಲ್ಲ. ಹಾಗಿರುವಾಗ "ವಿಶೇಷ ಮಕ್ಕಳ ಆ್ಯಪ್" ಅಂತ ಒಂದೇ ಒಂದು ಎಲ್ಲಿಂದ ಬರಬೇಕು?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹೇಳಿದ ಮಾತು ಕೇಳದ ಸ್ಥಿತಿ. ಎಂಟು ವರ್ಷ. ಅವನ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಅಮ್ಮ ಮೊಬೈಲಿನಲ್ಲಿ ಬಣ್ಣ ತುಂಬುವ ಆ್ಯಪ್ ಒಂದನ್ನು ಹಾಕಿಕೊಟ್ಟಿದ್ದರು. ನವಿಲಿನ ಚಿತ್ರ ರೆಡಿ ಇರುತ್ತದೆ. ಬಣ್ಣ ಮುಟ್ಟಿ, ಗರಿ ಮುಟ್ಟಿದರೆ ಆಯ್ತು, ಬಣ್ಣ ಗೆರೆ ದಾಟದ ಹಾಗೆ ತುಂಬಿಕೊಳ್ಳುತ್ತದೆ. ಫೋನಿನಲ್ಲಿ ನವಿಲು, ಚಿಟ್ಟೆ, ಗಣಪತಿ ಸಾಲುಸಾಲಾಗಿ ಇದ್ದವು. ಎಲ್ಲವೂ ಚೆಂದ. ಅಮ್ಮ ಖುಷಿಯಿಂದ ಒಂದೊಂದೇ ತೋರಿಸಿದರು. ಹುಡುಗ ಮಾತ್ರ ಕಿಟಕಿ ಕಡೆ ನೋಡುತ್ತಿದ್ದ.

ಅವನನ್ನು ಲ್ಯಾಪ್‌ಟಾಪ್ ಮುಂದೆ ಕೂರಿಸಿ ಖಾಲಿ ಹಾಳೆ ತೆರೆದೆ. ಮೌಸ್ ಹಿಡಿದ. ಬಾಣವನ್ನು ಬೇಕಾದ ಜಾಗಕ್ಕೆ ಒಯ್ಯುವುದು ಅವನಿಗೆ ಬರುತ್ತಿತ್ತು. ನಿಧಾನ, ಆದರೆ ಬರುತ್ತಿತ್ತು. ಬಟನ್ ಒತ್ತುವುದೂ ಬರುತ್ತಿತ್ತು. ಎರಡೂ ಒಟ್ಟಿಗೆ ಆಗುತ್ತಿರಲಿಲ್ಲ. ಒತ್ತಿದರೆ ಕೈ ಬಿಗಿಯಾಗಿ ಅಲ್ಲೇ ನಿಲ್ಲುತ್ತಿತ್ತು. ಎಳೆಯಲು ಹೋದರೆ ಬೆರಳು ಬಟನ್ ಬಿಟ್ಟುಬಿಡುತ್ತಿತ್ತು. ಪರದೆ ತುಂಬ ಬರೀ ಕಪ್ಪು ಚುಕ್ಕೆ. ನಾವು ಮೌಸಿನಲ್ಲಿ ಗೆರೆ ಎಳೆಯುವಾಗ ಒತ್ತಿ ಹಿಡಿಯುವುದು, ಹಿಡಿದೇ ಎಳೆಯುವುದು ಅಂತ ಎರಡು ಕೆಲಸ ಒಟ್ಟಿಗೆ ಮಾಡುತ್ತೇವೆ. ನಮಗೆ ಗೊತ್ತೇ ಆಗುವುದಿಲ್ಲ. ಅವನಿಗೆ ತೊಡಕು ಅಲ್ಲೇ ಇತ್ತು.

ಅವನಿಗೆ ಹಾಕಿದ್ದು ಟಕ್ಸ್ ಪೇಂಟ್. ನಾನು ಮೊದಲು ಹೇಳುವ ಹೆಸರೂ ಅದೇ. ಬಿಲ್ ಕೆಂಡ್ರಿಕ್ ಅನ್ನುವವರು 2002ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ, ಜಾಹೀರಾತು ಇಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್ ಎಲ್ಲದಕ್ಕೂ ಸಿಗುತ್ತದೆ. ಕನ್ನಡದಲ್ಲೂ ಇದೆ. ಅದರ ಜೊತೆ ಟಕ್ಸ್ ಪೇಂಟ್ ಕಾನ್ಫಿಗ್ ಅಂತ ಇನ್ನೊಂದು ಪ್ರೋಗ್ರಾಮ್ ಇದೆ. ಅಪ್ಪ ಅಮ್ಮ ತೆರೆಯಬೇಕಾದದ್ದು ಅದನ್ನೇ. ಅದರಲ್ಲಿ ಸ್ಟಿಕಿ ಮೌಸ್ ಕ್ಲಿಕ್ ಅಂತ ಒಂದು ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಒಮ್ಮೆ ಒತ್ತಿ ಬಿಟ್ಟರೆ ಸಾಕು, ಕುಂಚ ಹಾಳೆಗೆ ತಾಗಿಕೊಂಡೇ ಇರುತ್ತದೆ. ಮೌಸನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು. ಮತ್ತೆ ಒಮ್ಮೆ ಒತ್ತಿದರೆ ಕುಂಚ ಮೇಲೆ ಏಳುತ್ತದೆ. ಒತ್ತುವ ಕೆಲಸ ಬೇರೆ, ಎಳೆಯುವ ಕೆಲಸ ಬೇರೆ ಆಯಿತು. ಬೇರೆ ಯಾವುದೇ ಪೇಂಟ್ ಪ್ರೋಗ್ರಾಮ್ ಬಳಸುತ್ತಿದ್ದರೂ ವಿಂಡೋಸ್‌ನ ಮೌಸ್ ಸೆಟ್ಟಿಂಗಿನಲ್ಲಿ ಕ್ಲಿಕ್‌ಲಾಕ್ ಆನ್ ಮಾಡಿ ಹೆಚ್ಚುಕಮ್ಮಿ ಇದೇ ಅನುಕೂಲ ಪಡೆಯಬಹುದು.

ಹುಡುಗ ಒಮ್ಮೆ ಒತ್ತಿದ. ಕೈ ಸರಿಸಿದ. ಗೆರೆ ಬಂತು. ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಮತ್ತೆ ಸರಿಸಿದ. ಆಮೇಲೆ ನನ್ನ ಕಡೆ ನೋಡಲೇ ಇಲ್ಲ. ಮುಕ್ಕಾಲು ಗಂಟೆ ಕಪ್ಪು ಬಣ್ಣದಲ್ಲಿ ಸುರುಳಿ ಸುರುಳಿಯಾಗಿ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಲೇ ಇದ್ದ. "ಸುಮ್ನೆ ಗೀಚ್ತಾನೆ ಟೀಚರ್, ನವಿಲೇ ಚೆನ್ನಾಗಿತ್ತು" ಅಂದರು ಅಮ್ಮ. ನಾನು ಸ್ವಲ್ಪ ಕಾಯೋಣ ಅಂದೆ.

ಬಣ್ಣ ತುಂಬುವ ಆ್ಯಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬೆರಳಿಟ್ಟು ಮುಟ್ಟುವುದನ್ನು ರೂಢಿ ಮಾಡಿಸುವುದಕ್ಕೆ ಅದು ಒಳ್ಳೆಯದು. ಆದರೆ ಅಲ್ಲಿ ಚಿತ್ರ ಬರೆದವರು ಬೇರೆ ಯಾರೋ. ನಮ್ಮ ಮಕ್ಕಳಿಗೆ ಊಟ, ಬಟ್ಟೆ, ಹೋಗುವ ಜಾಗ ಎಲ್ಲವನ್ನೂ ಬೇರೆಯವರೇ ಗೊತ್ತು ಮಾಡುತ್ತಾರೆ. ಒಂದು ಹಾಳೆಯಾದರೂ ಅವರದ್ದೇ ಆಗಿರಬೇಕು ಅಲ್ವಾ? ನಾನೂ ಮೊದಮೊದಲು ಮಕ್ಕಳ ಕೈ ಹಿಡಿದು ಬರೆಸುತ್ತಿದ್ದೆ. ಅಪ್ಪ ಅಮ್ಮ ಅದನ್ನು ಗೋಡೆಗೆ ಹಾಕುತ್ತಿದ್ದರು. ಅವೆಲ್ಲ ನನ್ನ ಚಿತ್ರಗಳು, ಮಕ್ಕಳದ್ದಲ್ಲ. ಈಗ ಹಾಗೆ ಮಾಡುವುದಿಲ್ಲ.

ಆ್ಯಪ್ ಆರಿಸುವಾಗ ಅದರಲ್ಲಿ ಏನೇನಿದೆ ಅನ್ನುವುದಕ್ಕಿಂತ ಏನೇನು ತೆಗೆಯಬಹುದು ಅಂತ ನೋಡಿ. ಈ ಒಂದು ಮಾತನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. 1989ರಲ್ಲಿ ಕ್ರೇಗ್ ಹಿಕ್‌ಮನ್ ಅನ್ನುವವರು ಕಿಡ್ ಪಿಕ್ಸ್ ಅಂತ ಮಕ್ಕಳ ಪೇಂಟ್ ಪ್ರೋಗ್ರಾಮ್ ಮಾಡಿದ್ದೂ ಹೀಗೇ. ಅವರ ಮೂರು ವರ್ಷದ ಮಗ ದೊಡ್ಡವರ ಪೇಂಟ್ ಪ್ರೋಗ್ರಾಮಿನ ಮೆನುಗಳಲ್ಲಿ ಸಿಕ್ಕಿಕೊಂಡು ಒದ್ದಾಡುತ್ತಿದ್ದುದನ್ನು ನೋಡಿ ಮಾಡಿದ್ದು. ಟಕ್ಸ್ ಪೇಂಟಿನಲ್ಲಿ ಶಬ್ದ ತೆಗೆಯಬಹುದು. ಒತ್ತಿದರೆ ರೆಡಿ ಚಿತ್ರ ಬೀಳುವ ಮುದ್ರೆಗಳನ್ನು ತೆಗೆಯಬಹುದು. ಪ್ರಿಂಟ್ ಬಟನ್ ತೆಗೆಯಬಹುದು. ಮುಚ್ಚುವ ಬಟನ್ನನ್ನೂ ತೆಗೆಯಬಹುದು, ಕೈ ತಪ್ಪಿ ತಾಗಿದರೂ ಚಿತ್ರ ಹೋಗುವುದಿಲ್ಲ. ವೃತ್ತ, ಚೌಕ ಎಳೆದ ಮೇಲೆ ಅದನ್ನು ತಿರುಗಿಸುವ ಒಂದು ಹಂತ ಬರುತ್ತದೆ. ಸಿಂಪಲ್ ಶೇಪ್ಸ್ ಅಂತ ಹಾಕಿದರೆ ಆ ಹಂತವೇ ಇರುವುದಿಲ್ಲ. ನಮ್ಮಲ್ಲಿಗೆ ಬರುವ ಆಟಿಸಂ ಇರುವ ಒಬ್ಬ ಹುಡುಗನಿಗೆ ಟಕ್ಸ್ ಪೇಂಟಿನ ಶಬ್ದಗಳೆಂದರೆ ಆಗುವುದಿಲ್ಲ, ಕಿವಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದ. ಶಬ್ದ ತೆಗೆದೆವು, ಮುದ್ರೆ ತೆಗೆದೆವು. ಈಗ ಅವನನ್ನು ಏಳಿಸುವುದೇ ಕಷ್ಟ.

ಅದೇ ಶಬ್ದ ಇನ್ನೊಬ್ಬಳಿಗೆ ದಾರಿ ತೋರಿಸುತ್ತದೆ. ಕಣ್ಣು ಮಂದ ಇರುವ ಹುಡುಗಿ, ಆರನೇ ಕ್ಲಾಸು. ಟಕ್ಸ್ ಪೇಂಟಿನ ಶಬ್ದ ಸ್ಟೀರಿಯೋ. ಬಾಣ ಎಡಕ್ಕೆ ಹೋದರೆ ಎಡಗಿವಿಯಲ್ಲಿ, ಬಲಕ್ಕೆ ಹೋದರೆ ಬಲಗಿವಿಯಲ್ಲಿ ಕೇಳುತ್ತದೆ. ಇಯರ್‌ಫೋನ್ ಹಾಕಿಕೊಂಡು "ಈಗ ಬಲಗಡೆ ಮೂಲೆ ಬಂತು" ಅಂತ ತಾನೇ ಹೇಳಿಕೊಳ್ಳುತ್ತಾಳೆ. ಬಿಳಿ ಹಾಳೆ ಅವಳ ಕಣ್ಣಿಗೆ ಚುಚ್ಚುತ್ತಿತ್ತು. ಹೊಸ ಚಿತ್ರ ತೆರೆಯುವಾಗ ಕಪ್ಪು ಹಾಳೆ ಆರಿಸಿಕೊಟ್ಟೆ. ಕಪ್ಪಿನ ಮೇಲೆ ದಪ್ಪ ಹಳದಿ ಗೆರೆ. ಮೊದಲ ದಿನ ಬರೆದದ್ದು ದುಗ್ಗಮ್ಮನ ಜಾತ್ರೆಯ ದೀಪಗಳನ್ನು. ಬಣ್ಣ ಆರಿಸಿದಾಗ ಅದರ ಹೆಸರು ಕೆಳಗೆ ಬರುತ್ತದೆ, ಬಣ್ಣ ಗುರುತಿಸಲು ಆಗದ ಮಕ್ಕಳಿಗೆ ಇದು ದೊಡ್ಡ ಸಹಾಯ. ಒಂದು ಸಣ್ಣ ವಿಷಯ ನೆನಪಿಡಿ. ವಿಂಡೋಸ್‌ನಲ್ಲಿ ಮೌಸ್ ಬಾಣವನ್ನು ದೊಡ್ಡದು ಮಾಡಿದರೂ ಟಕ್ಸ್ ಪೇಂಟ್ ತನ್ನದೇ ಸಣ್ಣ ಕುಂಚವನ್ನು ತೋರಿಸುತ್ತದೆ. ಕಾನ್ಫಿಗ್‌ನಲ್ಲಿ ಫ್ಯಾನ್ಸಿ ಕರ್ಸರ್ ಬೇಡ ಅಂತ ಹಾಕಿದರೆ ವಿಂಡೋಸ್‌ನ ದೊಡ್ಡ ಬಾಣವೇ ಇಲ್ಲೂ ಬರುತ್ತದೆ. ಇದು ಗೊತ್ತಾಗದೆ ನಾನು ಎರಡು ಭಾನುವಾರ ಕಳೆದಿದ್ದೆ.

ಪೂರ್ತಿ ಕಣ್ಣು ಕಾಣದ ಮಕ್ಕಳನ್ನು ನಾನು ಪರದೆ ಮುಂದೆ ಕೂರಿಸುವುದೇ ಇಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟಕಿಗೆ ಹಾಕುವ ಸೊಳ್ಳೆ ಜಾಲರಿ ಒಂದು ತುಂಡು ತನ್ನಿ. ರಟ್ಟಿನ ಮೇಲೆ ಅದನ್ನು ಬಿಗಿದು, ಮೇಲೆ ಕಾಗದ ಇಟ್ಟು, ಕ್ರೇಯಾನಿನಲ್ಲಿ ಒತ್ತಿ ಬರೆಸಿ. ಗೆರೆ ತರಿತರಿಯಾಗಿ ಬೆರಳಿಗೆ ಸಿಗುತ್ತದೆ. ತಾನು ಬರೆದದ್ದನ್ನು ತಾನೇ ಮುಟ್ಟಿ ನೋಡಬಹುದು. ನನ್ನ ಮಟ್ಟಿಗೆ ಇದರ ಮುಂದೆ ಯಾವ ಆ್ಯಪೂ ಇಲ್ಲ.

ಕೈ ನಡುಗುವ ದೊಡ್ಡ ಮಕ್ಕಳಿಗೆ ಕ್ರಿಟಾ ಹೇಳುತ್ತೇನೆ. ಅದೂ ಉಚಿತ. ಅದರಲ್ಲಿ ಸ್ಟೆಬಿಲೈಸರ್ ಇದೆ, ನಡುಗುವ ಕೈಯ ಗೆರೆಯನ್ನು ನಯ ಮಾಡಿಕೊಡುತ್ತದೆ. ನೋಡಿದ ತಕ್ಷಣ ಅಪ್ಪ ಅಮ್ಮ "ಇದೇ ಬೇಕು" ಅನ್ನುತ್ತಾರೆ. ನಾನು ಮಗುವನ್ನೇ ಕೇಳುತ್ತೇನೆ. ಹೈಸ್ಕೂಲಿನ ಹುಡುಗನೊಬ್ಬನಿಗೆ ಅದನ್ನು ಹಾಕಿ ಒಂದು, ಹಾಕದೆ ಒಂದು, ಎರಡು ಚಿತ್ರ ಬರೆಯಲು ಹೇಳಿದೆ. ಮುಖ ಬರೆಯುವಾಗ ಅದು ಬೇಕು ಅಂದ. ಮರಕ್ಕೆ ಬೇಡ ಅಂದ. "ಗೆರೆ ನಡುಗಿದರೇನೇ ಮರ ಮರದ ಥರ ಕಾಣ್ತದೆ." ಅವನು ಚಿತ್ರದುರ್ಗದ ಕೋಟೆಯ ಕಲ್ಲುಬಂಡೆಗಳನ್ನು ಬರೆದ ಚಿತ್ರವೂ ಹಾಗೇ ಇದೆ. ನಾನು ಎಷ್ಟು ಪ್ರಯತ್ನಪಟ್ಟರೂ ಆ ಕಲ್ಲು ನನ್ನ ಕೈಗೆ ಬರುವುದಿಲ್ಲ.

ಮೌಸ್ ಹಿಡಿಯಲೇ ಆಗದಿದ್ದರೆ? ದಾರಿ ಇದೆ. ಟ್ರ್ಯಾಕ್‌ಬಾಲ್, ಅಂದರೆ ಮೇಲೆ ಉರುಳುವ ಗುಂಡು ಇರುವ ಮೌಸ್ ಕೊಂಡರೆ ಕೈ ಒಂದೇ ಕಡೆ ಇರುತ್ತದೆ, ಗುಂಡನ್ನು ಅಂಗೈಯಲ್ಲೋ ಮೊಣಕೈಯಲ್ಲೋ ಉರುಳಿಸಿದರೆ ಸಾಕು. ಕತ್ತು ಸ್ವಾಧೀನ ಇರುವ ಮಕ್ಕಳಿಗೆ ಬೋಸ್ಟನ್ ಕಾಲೇಜಿನವರು ಮಾಡಿದ ಕ್ಯಾಮೆರಾ ಮೌಸ್ ಅನ್ನುವ ಪ್ರೋಗ್ರಾಮ್ ನೋಡಿ. ಲ್ಯಾಪ್‌ಟಾಪಿನ ಕ್ಯಾಮೆರಾ ಮೂಗಿನ ತುದಿಯನ್ನು ಹಿಂಬಾಲಿಸುತ್ತದೆ, ತಲೆ ಆಡಿಸಿದ ಕಡೆ ಬಾಣ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಮೇಕಿ ಮೇಕಿ. 2012ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ಮಾಡಿದ ಸಣ್ಣ ಬೋರ್ಡು. ಯುಎಸ್‌ಬಿಗೆ ಸಿಕ್ಕಿಸಿದರೆ ಕಂಪ್ಯೂಟರ್ ಅದನ್ನು ಕೀಬೋರ್ಡ್ ಅಂದುಕೊಳ್ಳುತ್ತದೆ. ಅದರ ವೈರನ್ನು ವಿದ್ಯುತ್ ಹರಿಯುವ ಯಾವ ವಸ್ತುವಿಗೆ ಕಚ್ಚಿಸಿದರೂ ಆ ವಸ್ತುವೇ ಒಂದು ಕೀ ಆಗುತ್ತದೆ. ನಾವು ಉಪ್ಪು ಹಾಕಿ ಕಲಸಿದ ಚಪಾತಿ ಹಿಟ್ಟಿನ ಐದು ಉಂಡೆ ಮಾಡುತ್ತೇವೆ. ನಾಲ್ಕು ಉಂಡೆ ನಾಲ್ಕು ದಿಕ್ಕಿಗೆ, ಒಂದು ಒತ್ತುವುದಕ್ಕೆ. ಬೋರ್ಡಿನ ಅರ್ತ್ ವೈರು ಮಗುವಿನ ಮೈಗೆ ತಾಗಿರಬೇಕು, ಕೈಬಳೆ ಥರ ಫಾಯಿಲ್ ಸುತ್ತಿದರೆ ಆಯ್ತು. ಟಕ್ಸ್ ಪೇಂಟಿನಲ್ಲಿ ಬಾಣದ ಕೀಗಳಿಂದ ಕುಂಚ ಓಡಿಸುವ ಆಯ್ಕೆ ಇದೆ, ಎರಡೂ ಹೇಳಿ ಮಾಡಿಸಿದಂತೆ ಕೂಡುತ್ತವೆ. ಮುಷ್ಟಿ ಬಿಚ್ಚದ ಒಂದು ಮಗು ಮುಷ್ಟಿಯಿಂದಲೇ ಹಿಟ್ಟು ಗುದ್ದಿ ಗುದ್ದಿ ಮೆಟ್ಟಿಲು ಬರೆಯಿತು. ಮೆಟ್ಟಿಲು ಮುಗಿಯುವ ಹೊತ್ತಿಗೆ ಹಿಟ್ಟು ರೊಟ್ಟಿಯಾಗಿತ್ತು.

ಮೊಬೈಲೇ ಗತಿ ಅನ್ನುವವರಿಗೆ ಬೇಗ ಹೇಳಿಬಿಡುತ್ತೇನೆ. ಜಾಹೀರಾತು ಬರುವ ಆ್ಯಪ್ ಬೇಡವೇ ಬೇಡ. ಜಾಹೀರಾತು ಮುಚ್ಚುವ ಆ ಸಣ್ಣ ಗುರುತಿಗೆ ನಮ್ಮ ಮಕ್ಕಳ ಬೆರಳು ತಾಗುವುದಿಲ್ಲ, ಅಕ್ಕಪಕ್ಕಕ್ಕೇ ತಾಗುತ್ತದೆ. ಆಂಡ್ರಾಯ್ಡಿನಲ್ಲಿ ಆ್ಯಪ್ ಪಿನ್ ಮಾಡಿ, ಐಪ್ಯಾಡ್ ಇದ್ದರೆ ಗೈಡೆಡ್ ಅಕ್ಸೆಸ್ ಹಾಕಿ. ಮಗು ಆ್ಯಪ್ ಬಿಟ್ಟು ಹೊರಗೆ ಹೋಗುವುದಿಲ್ಲ. ಐಪ್ಯಾಡಿನ ಟಚ್ ಅಕಾಮೊಡೇಶನ್ಸ್‌ನಲ್ಲಿ ನಡುಗುವ ಬೆರಳಿನ ಎರಡನೇ, ಮೂರನೇ ತಾಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದ ಹಾಗೆ ಮಾಡಬಹುದು. ಆದರೆ ಇದಕ್ಕೋಸ್ಕರ ಸಾಲ ಮಾಡಿ ಐಪ್ಯಾಡ್ ಕೊಳ್ಳಬೇಡಿ. ಹಳೇ ಲ್ಯಾಪ್‌ಟಾಪ್ ಸಾಕು.

ಇನ್ನೊಂದು ಮಾತು. ಕೂರುವುದು ಸರಿಯಿಲ್ಲದಿದ್ದರೆ ಯಾವ ಆ್ಯಪ್ ಹಾಕಿದರೂ ಪ್ರಯೋಜನವಿಲ್ಲ. ಪಾದ ನೆಲಕ್ಕೋ ಸ್ಟೂಲಿಗೋ ಊರಿರಬೇಕು, ಮೊಣಕೈಗೆ ಆಸರೆ ಇರಬೇಕು, ಬೆನ್ನು ಜಾರಬಾರದು. ಬೀಳದಂತೆ ಹಿಡಿದುಕೊಳ್ಳುವುದಕ್ಕೇ ಮೈಯ ಶಕ್ತಿ ಎಲ್ಲ ಹೋದರೆ ಕೈಗೆ ಏನು ಉಳಿಯುತ್ತದೆ? ದಾವಣಗೆರೆಯಲ್ಲೇ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ವಿಕಲಚೇತನರಿಗೆ ತರಬೇತಿ, ಥೆರಪಿ ಕೊಡುವ ಕೇಂದ್ರ ಇದೆ, ಅಲ್ಲಿನ ಥೆರಪಿಸ್ಟ್‌ಗಳನ್ನು ಕೇಳಿ. ಮನೆ ಆಧಾರಿತ ಶಿಕ್ಷಣಕ್ಕೆ ಬಿಐಇಆರ್‌ಟಿ, ಅಂದರೆ ಬ್ಲಾಕ್ ಮಟ್ಟದ ವಿಶೇಷ ಮಕ್ಕಳ ಶಿಕ್ಷಕರು ಬರುತ್ತಿದ್ದರೆ ಅವರಿಗೂ ತೋರಿಸಿ.

ಆ ಭಟ್ಟಿಯ ಹುಡುಗ ಮೂರು ವಾರ ಕಪ್ಪು ಸುರುಳಿಗಳನ್ನೇ ಎಳೆದ. ನಾಲ್ಕನೇ ವಾರ ಬಣ್ಣದ ಸಾಲಿಗೆ ಬಾಣ ಒಯ್ದು ಕಿತ್ತಳೆ ಆರಿಸಿದ. ಸುರುಳಿಗಳ ಬುಡದಲ್ಲಿ ಒಂದು ಗುಡ್ಡೆ ಕಿತ್ತಳೆ. ಅದರ ಪಕ್ಕ ಬಿಳಿ ಚುಕ್ಕೆಗಳು, ಎಷ್ಟೊಂದು ಚುಕ್ಕೆಗಳು. ಅಮ್ಮ ಸುಮ್ಮನಾದರು. ಆಮೇಲೆ "ಅಯ್ಯೋ, ಇದು ಭಟ್ಟಿ" ಅಂದರು. ಬೆಂಕಿ, ಹೊಗೆ, ಮಂಡಕ್ಕಿ. ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಅವನನ್ನು ಬಾಗಿಲ ಹೊರಗೆ ಕೂರಿಸುತ್ತಿದ್ದರಂತೆ.

ಅಪ್ಪನಿಗೆ ತೋರಿಸಬೇಕು ಅಂತ ಜೆರಾಕ್ಸ್ ಅಂಗಡಿಗೆ ಹೋಗಿ ಕಲರ್ ಪ್ರಿಂಟ್ ತೆಗೆಸಿದೆವು. ಹುಡುಗ ಅಮ್ಮನ ಸೊಂಟದ ಮೇಲಿದ್ದ. ಅಂಗಡಿಯವನು ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ "ಮೇಲ್ಗಡೆ ಯಾವುದು?" ಅಂತ ನನ್ನನ್ನು ಕೇಳಿದ. ಹುಡುಗ ಗದ್ದ ಎತ್ತಿ ಹೊಗೆಯ ಕಡೆ ತೋರಿಸಿದ.